ಊರಿನಿಂದ ಹೆಸರು, ಹೆಸರಿನಿಂದ ಊರು



ಸಾಂಗಲಿಯಿಂದ ಹರಿಪುರ ದೂರವಲ್ಲ. ಕೃಷ್ಣೆಯೂ ವಾರಣೆಯೂ ಕೂಡುವ ಆ ಊರಿಗೆ ಒಂದು ಚಳಿಗಾಲದ ಬೆಳಿಗ್ಗೆ ನಾವು ಮಕ್ಕಳನ್ನು ಕರೆದುಕೊಂಡು ನಡೆದೇ ಹೋಗಿದ್ದೆವು. ಸಂಗಮೇಶ್ವರನ ದರ್ಶನವಾಯಿತು. ಅರಿಶಿಣವನ್ನು ಹುಳ ಮುಟ್ಟದಂತೆ ನೆಲದ ಹೊಟ್ಟೆಯಲ್ಲಿ ಕಾಪಾಡುತ್ತಿದ್ದ ಪೇವುಗಳನ್ನು ನೋಡಿದೆವು. ನಮ್ಮ ಕಡೆಯ ಹಗೇವುಗಳಂತೆಯೇ ಅವೂ ನೆಲದಡಿಯ ಕಣಜಗಳು. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ಆಮೇಲೆ ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಕುಳಿತೆವು.

ಅಲ್ಲಿಯೇ ಕಬ್ಬಿನ ಹೊಲವೊಂದರ ಅಂಚಿನಲ್ಲಿ ಹಳೆಯ ಪಂಪು ಒಂದಿತ್ತು. ಅದರ ಕಬ್ಬಿಣದ ಮೈಮೇಲೆ ಎರಕದಲ್ಲಿಯೇ ಮೂಡಿದ ಉಬ್ಬಕ್ಷರಗಳಿದ್ದವು. ಒಬ್ಬ ಹುಡುಗ ಅವನ್ನು ಬೆರಳಿನಿಂದ ತಡವಿ ತಡವಿ ಓದಿದ. ಕಿರ್ಲೋಸ್ಕರ. ಇದು ಯಾವ ಭಾಷೆಯ ಶಬ್ದ, ಇದರ ಅರ್ಥ ಪಂಪು ಎಂದೇ ಏನು ಎಂದು ನಮ್ಮನ್ನು ಕೇಳಿದ. ಅದೊಂದು ಮನೆತನದ ಅಡ್ಡಹೆಸರು ಎಂದು ಹೇಳಿದೆವು. ಹುಡುಗ ನಂಬಲಿಲ್ಲ. ಅಡ್ಡಹೆಸರನ್ನು ಯಾರಾದರೂ ಯಂತ್ರದ ಮೇಲೆ ಕೆತ್ತಿಸಿಕೊಳ್ಳುತ್ತಾರೆಯೇ ಎಂದು ಅವನ ಮುಖವೇ ಕೇಳುತ್ತಿತ್ತು.

ಅವನು ಹಾಗೆ ಅನುಮಾನಪಡಲು ಕಾರಣವಿತ್ತು. ಆ ಕಾರಣದಲ್ಲಿ ನಮ್ಮದೂ ಒಂದು ಪಾಲಿತ್ತೆಂದು ಇಲ್ಲಿ ಒಪ್ಪಿಕೊಳ್ಳಲೇಬೇಕು. ಆ ವರ್ಷದ ಆರಂಭದಲ್ಲಿ ಹಾಜರಿ ಕರೆಯುವಾಗ ಅವನ ಅಡ್ಡಹೆಸರು ಬಂದಿತು. ಅದು ಉಳ್ಳಾಗಡ್ಡಿ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾವು ಗದರಿಸಬೇಕಿತ್ತು, ಗದರಿಸುವ ಬದಲು ನಾವೂ ಮುಗುಳ್ನಕ್ಕೆವು. ಮರುದಿನದಿಂದ ಆ ಹುಡುಗ ಹಾಜರಿಗೆ ಓಗೊಡುವಾಗ ತಲೆ ಎತ್ತಲಿಲ್ಲ. ಕೆಲವು ದಿನಗಳ ನಂತರ ಅವನ ತಂದೆ ಶಾಲೆಗೆ ಬಂದು, ರಜಿಸ್ಟರಿನಲ್ಲಿ ಮಗನ ಅಡ್ಡಹೆಸರನ್ನು ತೆಗೆದುಬಿಡಲು ಆಗುತ್ತದೆಯೇ ಎಂದು ಸಂಕೋಚದಿಂದ ಕೇಳಿದರು. ಉತ್ತರವನ್ನು ನಾವು ಮುಂದಕ್ಕೆ ಹಾಕಿದ್ದೆವು. ಆ ಉತ್ತರವನ್ನು ಹರಿಪುರದ ಹೊಳೆದಂಡೆಯಲ್ಲಿ ಮಗನಿಗೆ ಕೊಟ್ಟೆವು. ಅಂದು ಅರ್ಧಂಬರ್ಧ ಹೇಳಿದ ಆ ಕಥೆಯನ್ನೇ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇವೆ.

ಅಡ್ಡಹೆಸರುಗಳು ಆಕಾಶದಿಂದ ಉದುರಿದವಲ್ಲ. ಹಿರಿಯರು ಮಾಡಿದ ಉದ್ಯೋಗದಿಂದ ಕೆಲವು ಬಂದವು: ಬಡಿಗೇರ, ಕಂಬಾರ, ಪತ್ತಾರ, ಹೂಗಾರ. ಬೆಳೆದ ಅಥವಾ ಮಾರಿದ ಪದಾರ್ಥದಿಂದ ಕೆಲವು ಬಂದವು: ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ. ಇನ್ನು ಊರಿನಿಂದ ಬಂದ ಹೆಸರುಗಳಿಗಂತೂ ಲೆಕ್ಕವಿಲ್ಲ. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕೆಲಸ ಮಾಡಿದ ಕವಿ ವಿನಾಯಕ ಕೃಷ್ಣ ಗೋಕಾಕರ ಹೆಸರಿನಲ್ಲಿ ಘಟಪ್ರಭೆಯ ತೀರದ ಗೋಕಾಕವೇ ಕುಳಿತಿದೆ. ಕನ್ನಡದಲ್ಲಿ ನಾವು ಹೀಗೆ ಊರ ಹೆಸರನ್ನು ಇದ್ದಂತೆಯೇ ಇಟ್ಟುಕೊಳ್ಳುತ್ತೇವೆ. ಮರಾಠಿ, ಕೊಂಕಣಿಗಳಲ್ಲಿ ಅದಕ್ಕೆ ಕರ ಎಂಬ ಪ್ರತ್ಯಯವನ್ನು ಸೇರಿಸುತ್ತಾರೆ. ಗೋವೆಯ ಮಂಗೇಶಿಯವರು ಮಂಗೇಶಕರರಾದರು. ಗಡಿಯಲ್ಲಿರುವ ನಮ್ಮಲ್ಲಿ ಎರಡೂ ರೂಢಿಗಳು ಬೆರೆತಿವೆ. ಒಂದೇ ಬೀದಿಯಲ್ಲಿ ಕರ ಇದ್ದವರ ಮನೆಮಾತು ಕನ್ನಡವಾಗಿರುವುದೂ ಉಂಟು, ಕರ ಇಲ್ಲದವರ ಮನೆಮಾತು ಮರಾಠಿಯಾಗಿರುವುದೂ ಉಂಟು. ಹೆಸರಿನ ಬಾಲ ನೋಡಿ ಮನುಷ್ಯನ ಭಾಷೆಯನ್ನು ತೀರ್ಮಾನಿಸುವವರು ಇದನ್ನು ನೆನಪಿಡಬೇಕು.

ಇಂಗ್ಲೆಂಡಿನಲ್ಲಿಯೂ ಇದೇ ಕಥೆ. ಸ್ಮಿತ್ ಎಂದರೆ ನಮ್ಮ ಕಂಬಾರನೇ. ಫೋರ್ಡ್ ಎಂದರೆ ಹೊಳೆಯನ್ನು ಕಾಲ್ನಡಿಗೆಯಿಂದ ದಾಟುವ ಆಳವಿಲ್ಲದ ಜಾಗ. ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ನನ ಹೆಸರು ಬಂದದ್ದು ಉತ್ತರ ಇಂಗ್ಲೆಂಡಿನ ಅದೇ ಹೆಸರಿನ ಊರಿನಿಂದ. ಮುಂದೆ ಆ ಮನುಷ್ಯನ ಹೆಸರನ್ನು ಒಂದು ರಾಜಧಾನಿಗೆ ಇಟ್ಟರು. ಕೆಲವು ಅಡ್ಡಹೆಸರುಗಳು ಮನುಷ್ಯರನ್ನು ಬಿಟ್ಟು ವಸ್ತುಗಳಿಗೆ ಅಂಟಿಕೊಳ್ಳುವುದೂ ಉಂಟು. ಡೀಸೆಲ್ ಎಂದೊಡನೆ ನಮಗೆ ಎಣ್ಣೆಯ ವಾಸನೆ ಬರುತ್ತದೆ. ಆದರೆ ಅದು 1858ರಲ್ಲಿ ಹುಟ್ಟಿದ ರುಡಾಲ್ಫ್ ಡೀಸೆಲ್ ಎಂಬ ಯಂತ್ರಜ್ಞನ ಮನೆತನದ ಹೆಸರು. ನಮ್ಮ ರೈತರ ಬಾಯಲ್ಲಿ ಕಿರ್ಲೋಸ್ಕರ ಎಂಬುದೂ ಹಾಗೆಯೇ ಆಗಿದೆ.

ಈ ಹೆಸರಿನ ಬೇರು ಕೊಂಕಣದಲ್ಲಿದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಮಾಲವಣ ತಾಲೂಕಿನಲ್ಲಿ ಕಿರ್ಲೋಸ ಎಂಬ ಒಂದು ಸಣ್ಣ ಹಳ್ಳಿ ಇದೆ. ಅಲ್ಲಿಂದ ಘಟ್ಟ ಹತ್ತಿ ಬಂದ ಒಂದು ಮನೆತನದವರನ್ನು ಮೇಲಿನ ಸೀಮೆಯ ಜನ ಕಿರ್ಲೋಸ್ಕರರು ಎಂದು ಕರೆದರು. ಊರು ಬಿಟ್ಟವರಿಗೇ ಊರಿನ ಹೆಸರು ಬರುತ್ತದೆ. ಊರಲ್ಲಿಯೇ ಇದ್ದವರಿಗೆ ಅದರ ಅಗತ್ಯವೇನು? ಈ ಮನೆತನ ನೆಲೆ ನಿಂತದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದು ಅಚ್ಚ ಕನ್ನಡದ ಹಳ್ಳಿ. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಆ ಒಂದೇ ಹಳ್ಳಿಯ ಒಂದೇ ಮನೆತನ ನಾಡಿಗೆ ಇಬ್ಬರು ದೊಡ್ಡವರನ್ನು ಕೊಟ್ಟಿತು.

ಮೊದಲನೆಯವರು ಅಣ್ಣಾಸಾಹೇಬ ಎಂದು ಹೆಸರಾದ ಬಳವಂತ ಪಾಂಡುರಂಗ ಕಿರ್ಲೋಸ್ಕರರು. ಅವರು ಹುಟ್ಟಿದ್ದು 1843ರಲ್ಲಿ. ಅದೇ ವರ್ಷ ಸಾಂಗಲಿಯ ಅರಸರ ಆಶ್ರಯದಲ್ಲಿ ವಿಷ್ಣುದಾಸ ಭಾವೆಯವರು ಸೀತಾ ಸ್ವಯಂವರ ನಾಟಕವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆ ಯಾವುದೆಂದರೆ, ಉತ್ತರ ಕನ್ನಡದ ಕರ್ಕಿಯಿಂದ ಸಾಂಗಲಿಗೆ ಬಂದು ಆಟವಾಡಿದ ಭಾಗವತರ ಮೇಳ. ಕನ್ನಡದ ಒಂದು ಕಿಡಿ ಕೃಷ್ಣೆಯ ತೀರದಲ್ಲಿ ಮರಾಠಿಯ ದೀಪ ಹಚ್ಚಿತು. ಅಣ್ಣಾಸಾಹೇಬರು 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು, 1882ರಲ್ಲಿ ಸೌಭದ್ರವನ್ನು ಆಡಿಸಿದರು. ಅವುಗಳ ಹಾಡುಗಳಲ್ಲಿ ತಾವು ಚಿಕ್ಕಂದಿನಿಂದ ಕೇಳಿದ ಕನ್ನಡದ ಮಟ್ಟುಗಳನ್ನು ಧಾರಾಳವಾಗಿ ಬಳಸಿದರು. 1885ರಲ್ಲಿ ಗುರ್ಲಹೊಸೂರಿನಲ್ಲಿಯೇ ಕಣ್ಣುಮುಚ್ಚಿದಾಗ ಅವರಿಗೆ ನಲವತ್ತೆರಡೇ ವರ್ಷ. ಅವರ ಶಿಷ್ಯರಲ್ಲಿ ಮುಖ್ಯರಾದವರು ಗೋವಿಂದ ಬಲ್ಲಾಳ ದೇವಲರು. ಬೆಳಗಾವಿಯಲ್ಲಿ ಓದಿ, ಕಿರ್ಲೋಸ್ಕರ ನಾಟಕ ಮಂಡಳಿಯಲ್ಲಿ ಪಳಗಿ, 1899ರಲ್ಲಿ ಶಾರದಾ ನಾಟಕವನ್ನು ಬರೆದು ಮುದುಕರಿಗೆ ಬಾಲೆಯರನ್ನು ಕೊಡುವ ಪದ್ಧತಿಗೆ ಚಾಟಿ ಬೀಸಿದವರು ಅವರು. 1855ರಲ್ಲಿ ಅವರು ಹುಟ್ಟಿದ ಊರು ಇದೇ ಹರಿಪುರ. ಹಾಗಾಗಿ ಹರಿಪುರಕ್ಕೂ ಕಿರ್ಲೋಸ್ಕರ ಎಂಬ ಹೆಸರಿಗೂ ಆ ಪಂಪಿಗಿಂತ ಹಳೆಯ ನಂಟಿದೆ ಎಂದು ಮಕ್ಕಳಿಗೆ ಹೇಳಿದೆವು.

ಎರಡನೆಯವರು ಲಕ್ಷ್ಮಣರಾಯರು. ಪಂಪಿನ ಮೇಲೆ ಹೆಸರು ಮೂಡಿಸಿದವರು ಇವರು. ಇವರ ಬಾಳನ್ನೇ ನಾವು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರು 1869ರ ಜೂನ್ 20ರಂದು ಗುರ್ಲಹೊಸೂರಿನಲ್ಲಿ ಹುಟ್ಟಿದರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತರು. ಮಗ ಎಲ್ಲರಂತೆ ಓದಿ ಒಂದು ಒಳ್ಳೆಯ ನೌಕರಿ ಹಿಡಿಯಲೆಂಬುದು ಅವರ ಆಸೆ. ಆದರೆ ಹುಡುಗನಿಗೆ ಶಾಲೆಯ ಪುಸ್ತಕ ರುಚಿಸಲಿಲ್ಲ. ಚಿತ್ರ ಬರೆಯುವುದು, ಕೈಗೆ ಸಿಕ್ಕ ಯಂತ್ರವನ್ನು ಬಿಚ್ಚಿ ನೋಡುವುದು ಇವೆರಡೇ ಅವನ ಹುಚ್ಚು. ತಂದೆಗೆ ಒಪ್ಪಿಗೆ ಇರಲಿಲ್ಲ. ಹಿರಿಯಣ್ಣ ರಾಮುಅಣ್ಣ ಮಾತ್ರ ತಮ್ಮನ ಬೆನ್ನಿಗೆ ನಿಂತು ಹಣ ಒದಗಿಸಿದರು. ಹೀಗೆ 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದರು.

ಎರಡು ವರ್ಷ ಕಳೆದವು. ಆಗ ಒಂದು ಸಂಗತಿ ಬಯಲಾಯಿತು. ಲಕ್ಷ್ಮಣರಾಯರ ಕಣ್ಣಿಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯುತ್ತಿರಲಿಲ್ಲ. ಅವರಿಗೆ ಭಾಗಶಃ ಬಣ್ಣಗುರುಡು ಇತ್ತು. ಚಿತ್ರಕಾರನಾಗಬೇಕೆಂದು ಮನೆ ಬಿಟ್ಟು, ತಂದೆಯ ಮಾತು ಮೀರಿ, ಅಣ್ಣನ ದುಡ್ಡಿನಲ್ಲಿ ದೂರದ ಊರಿಗೆ ಬಂದ ಹದಿನೆಂಟರ ತರುಣನಿಗೆ ಇದೆಂಥ ಆಘಾತವೆಂಬುದನ್ನು ಊಹಿಸಿಕೊಳ್ಳಿರಿ. ಬಹಳ ಜನ ಅಲ್ಲಿಗೇ ಸೋತು ಊರಿಗೆ ಮರಳುತ್ತಿದ್ದರು. ಲಕ್ಷ್ಮಣರಾಯರು ಬಣ್ಣಗಳನ್ನು ಬದಿಗಿಟ್ಟು, ಬಣ್ಣವೇ ಬೇಡದ ಚಿತ್ರವಿದ್ಯೆಯನ್ನು ಹಿಡಿದರು. ಅದು ಯಂತ್ರಗಳ ನಕ್ಷೆ ಬರೆಯುವ ವಿದ್ಯೆ. ಅದಕ್ಕೆ ಬೇಕಾದುದು ಗೆರೆ, ಅಳತೆ, ತಾಳ್ಮೆ. ಈ ವಿದ್ಯೆಯಿಂದಲೇ ಅವರಿಗೆ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಶಾಲೆಯಲ್ಲಿ ನಕ್ಷೆ ಕಲಿಸುವ ಸಹಾಯಕ ಶಿಕ್ಷಕರ ಕೆಲಸ ಸಿಕ್ಕಿತು. ಅಲ್ಲಿಯ ಕಾರ್ಯಾಗಾರದಲ್ಲಿ ಯಂತ್ರಗಳ ಮರ್ಮವನ್ನು ಕೈಮುಟ್ಟಿ ಕಲಿತರು. ಕಲಿಸುತ್ತ ಕಲಿತವರು ಅವರು.

ಆ ಕಾಲಕ್ಕೆ ನಮ್ಮ ದೇಶಕ್ಕೆ ಸೈಕಲ್ಲು ಹೊಸದು. ಕಾಲಿನಿಂದ ತುಳಿದರೆ ಎರಡು ಗಾಲಿಗಳ ಮೇಲೆ ಮನುಷ್ಯ ಬೀಳದೆ ಹೋಗುವುದು ಜನರಿಗೆ ಇಂದ್ರಜಾಲವಾಗಿತ್ತು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ಲುಗಳನ್ನು ಕೊಂಡು ಬೆಳಗಾವಿಗೆ ಕಳಿಸುವುದು, ರಾಮುಅಣ್ಣ ಅಲ್ಲಿ ಮಾರುವುದು, ಹೀಗೆ ಅಣ್ಣತಮ್ಮಂದಿರ ವ್ಯಾಪಾರ ಸಾಗಿತು. ಕೊಂಡವರಿಗೆ ಸವಾರಿ ಕಲಿಸಿ ಅದಕ್ಕೂ ಹದಿನೈದು ರೂಪಾಯಿ ಶುಲ್ಕ ಪಡೆಯುತ್ತಿದ್ದರಂತೆ. ಕಿರ್ಲೋಸ್ಕರ ಬ್ರದರ್ಸ್ ಎಂದರೆ ಈ ಅಣ್ಣತಮ್ಮಂದಿರೇ. ಸಂಸ್ಥೆಯವರು ತಮ್ಮ ಮೂಲವನ್ನು 1888ರಿಂದ ಎಣಿಸುತ್ತಾರೆ. ಬೆಳಗಾವಿಯಲ್ಲಿ ಇಂದಿಗೂ ಒಂದು ಬೀದಿಗೆ ಕಿರ್ಲೋಸ್ಕರ ರಸ್ತೆ ಎಂಬ ಹೆಸರಿದೆ.

ಮುಂಬಯಿಯ ನೌಕರಿಯಲ್ಲಿ ಲಕ್ಷ್ಮಣರಾಯರಿಗೆ ಬಡ್ತಿ ಸಿಗುವ ಸಮಯ ಬಂದಿತು. ಅದು ಅವರಿಗೆ ಸಿಗದೆ ಆಂಗ್ಲೋ ಇಂಡಿಯನ್ ಒಬ್ಬರಿಗೆ ಸಿಕ್ಕಿತು. ಕೆಲಸ ಬಲ್ಲವನನ್ನು ಬಿಟ್ಟು ಹುಟ್ಟನ್ನು ನೋಡಿ ಮೇಲೇರಿಸುವ ಆ ಕಾಲದ ರೀತಿ ಅವರಿಗೆ ಸಹಿಸಲಾಗಲಿಲ್ಲ. 1897ರಲ್ಲಿ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಪರರ ಚಾಕರಿಗೆ ಮರಳಿ ಕೈಯೊಡ್ಡಲಿಲ್ಲ.

ಬೆಳಗಾವಿಯಲ್ಲಿ ಸೈಕಲ್ಲಿನ ವ್ಯಾಪಾರದಿಂದ ಹೊಟ್ಟೆ ತುಂಬುತ್ತಿತ್ತು, ಮನಸ್ಸು ತುಂಬಲಿಲ್ಲ. ಇನ್ನೊಬ್ಬರು ಮಾಡಿದ್ದನ್ನು ಮಾರುವುದಕ್ಕಿಂತ ತಾವೇ ಏನಾದರೂ ಮಾಡಬೇಕೆಂಬ ತವಕ. ಸುತ್ತಲೂ ನೋಡಿದರೆ ಒಕ್ಕಲುತನದ ಸೀಮೆ. ರೈತರು ಕುಡುಗೋಲಿನಿಂದ ಕಣಿಕೆ ಕತ್ತರಿಸಿ ದನಗಳಿಗೆ ಹಾಕುತ್ತಿದ್ದರು. ಅರ್ಧ ತಿಂದು ಅರ್ಧ ತುಳಿದು ದನಗಳು ಮೇವು ಹಾಳುಮಾಡುತ್ತಿದ್ದವು. ಲಕ್ಷ್ಮಣರಾಯರು ಮೇವು ಕತ್ತರಿಸುವ ಯಂತ್ರವನ್ನು ಮಾಡಿದರು. ಅದಾದ ಮೇಲೆ ಅವರ ದೃಷ್ಟಿ ನೇಗಿಲಿನ ಮೇಲೆ ಬಿದ್ದಿತು.

ಕಟ್ಟಿಗೆಯ ನೇಗಿಲು ನೆಲವನ್ನು ಗೀರುತ್ತದೆ, ಮಣ್ಣನ್ನು ಮಗುಚುವುದಿಲ್ಲ. ಕೃಷ್ಣೆಯ ಎರೆಭೂಮಿಯಲ್ಲಿ ಕರಿಕೆಯ ಬೇರು ಆಳಕ್ಕೆ ಇಳಿದುಬಿಟ್ಟರೆ ಕಟ್ಟಿಗೆಯ ನೇಗಿಲಿಗೆ ಅದು ಬಗ್ಗುವುದಿಲ್ಲ. ಕಬ್ಬಿಣದ ನೇಗಿಲಿಗೆ ಗುಳದ ಹಿಂದೆ ಬಾಗಿದ ಒಂದು ರೆಕ್ಕೆ ಇರುತ್ತದೆ. ಗುಳ ಆಳಕ್ಕೆ ಹೋಗಿ ಮಣ್ಣನ್ನು ಕೊಯ್ಯುತ್ತದೆ, ರೆಕ್ಕೆ ಆ ಹೆಂಟೆಯನ್ನು ಎತ್ತಿ ತಿರುವಿ ಹಾಕುತ್ತದೆ. ಕಳೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ, ಮೇಲಿದ್ದ ಕಸ ಕೆಳಗೆ ಹೋಗಿ ಗೊಬ್ಬರವಾಗುತ್ತದೆ. ಇಂಥ ನೇಗಿಲುಗಳು ವಿದೇಶದಿಂದ ಬರುತ್ತಿದ್ದವು. ಅಂಥದೇ ನೇಗಿಲನ್ನು ನಮ್ಮ ಎತ್ತುಗಳಿಗೆ, ನಮ್ಮ ಮಣ್ಣಿಗೆ ಹೊಂದುವಂತೆ ಲಕ್ಷ್ಮಣರಾಯರು ಬೆಳಗಾವಿಯಲ್ಲಿಯೇ ತಯಾರಿಸಿದರು.

ತಯಾರಿಸಿದರು, ಸರಿ. ಕೊಳ್ಳುವವರು ಯಾರು? ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂದು ರೈತರು ನಂಬಿದ್ದರು. ಭೂಮಿ ತಾಯಿ, ತಾಯಿಯ ಮೈಗೆ ಕಬ್ಬಿಣದ ಗಾಯವೇ ಎಂದು ಹಿಂಜರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಹಿಡಿದವು. ಈ ಎರಡು ವರ್ಷ ಎಂಬ ಮಾತನ್ನು ನಾವು ಓದುವಾಗ ಒಂದು ಉಸಿರಿನಲ್ಲಿ ದಾಟಿಬಿಡುತ್ತೇವೆ. ಆದರೆ ಮಾಡಿಟ್ಟ ಮಾಲು ಅಂಗಡಿಯಲ್ಲಿ ತುಕ್ಕು ಹಿಡಿಯುವುದನ್ನು ದಿನವೂ ನೋಡುತ್ತ, ಮನೆಯ ಖರ್ಚು ತೂಗಿಸುತ್ತ, ನಗುವವರ ನಗೆಯನ್ನು ಕೇಳುತ್ತ ಇದ್ದವರಿಗೆ ಅದು ಏಳುನೂರಕ್ಕೂ ಮಿಕ್ಕಿದ ದಿನಗಳು. ರೈತರು ಮೂರ್ಖರೆಂದು ಲಕ್ಷ್ಮಣರಾಯರು ಬೈಯುತ್ತ ಕೂಡಲಿಲ್ಲ. ಒಂದು ಹಂಗಾಮು ಕೆಟ್ಟರೆ ವರ್ಷದ ಅನ್ನವೇ ಹೋಗುವ ರೈತ ಹೊಸದನ್ನು ಅನುಮಾನದಿಂದ ನೋಡುವುದು ಸಹಜವೇ ಅಲ್ಲವೇ? ಹೊಲದಲ್ಲಿ ಹೂಡಿ ಬೆಳೆ ಕಂಡ ಮೇಲೆಯೇ ಅವನಿಗೆ ನಂಬಿಕೆ ಬಂದೀತು. ಮೊದಲ ಗಿರಾಕಿಗಳ ಹೊಲದಲ್ಲಿ ಬೆಳೆ ಚೆನ್ನಾಗಿ ಬಂದಿತು. ನಿಧಾನವಾಗಿ ಬೇಡಿಕೆ ಹುಟ್ಟಿತು.

ಗಾಡಿ ಹಳಿಗೆ ಬಂದಿತೆನ್ನುವಷ್ಟರಲ್ಲಿ ಮತ್ತೊಂದು ಪೆಟ್ಟು ಬಿದ್ದಿತು. ಬೆಳಗಾವಿಯಲ್ಲಿ ಕಾರ್ಖಾನೆ ಇದ್ದ ಜಾಗವನ್ನು ತೆರವು ಮಾಡಬೇಕಾಗಿ ಬಂದಿತು. ವಯಸ್ಸು ನಲವತ್ತು. ಹೆಂಡತಿ ರಾಧಾಬಾಯಿ, ಮಕ್ಕಳು, ನಂಬಿ ಬಂದ ಕೆಲಸಗಾರರು, ಮಣಗಟ್ಟಲೆ ತೂಕದ ಯಂತ್ರಗಳು. ಇವನ್ನೆಲ್ಲ ಎತ್ತಿಕೊಂಡು ಎಲ್ಲಿಗೆ ಹೋಗಬೇಕು?

ಆಗ ನೆರವಿಗೆ ಬಂದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಸೂರ್ಯನಮಸ್ಕಾರವನ್ನು ಮನೆಮನೆಗೆ ತಲುಪಿಸಿದ ಕೀರ್ತಿ ಇವರದು. ಇವರು ಸ್ವತಃ ಚಿತ್ರಕಾರರು. ಬಣ್ಣ ಕಾಣದೆ ಚಿತ್ರಕಲೆಯನ್ನು ಬಿಟ್ಟವನ ಕೈ ಹಿಡಿದದ್ದು ಒಬ್ಬ ಚಿತ್ರಕಾರ ಅರಸನೆಂಬುದು ವಿಧಿಯ ವಿಚಿತ್ರ. ತಮ್ಮ ಸಂಸ್ಥಾನದಲ್ಲಿ ಎಲ್ಲಿಯಾದರೂ ಜಾಗ ಆರಿಸಿಕೊಳ್ಳಲು ಹೇಳಿ, ಹತ್ತು ಸಾವಿರ ರೂಪಾಯಿ ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. ಲಕ್ಷ್ಮಣರಾಯರು ಆರಿಸಿಕೊಂಡದ್ದು ಕುಂಡಲ ರೋಡ್ ಎಂಬ ರೈಲು ನಿಲ್ದಾಣದ ಹತ್ತಿರದ ಮೂವತ್ತೆರಡು ಎಕರೆ ಬರಡು ಭೂಮಿಯನ್ನು. ರೈಲು ಹತ್ತಿರವಿದ್ದರೆ ಕಬ್ಬಿಣ ಬರಲು, ನೇಗಿಲು ಹೋಗಲು ಅನುಕೂಲವೆಂಬುದು ಅವರ ಲೆಕ್ಕ.

ಉಳಿದಂತೆ ಅಲ್ಲಿ ಇದ್ದದ್ದು ಪಾಪಾಸುಕಳ್ಳಿ ಮತ್ತು ಹಾವು. 1910ರ ಮಾರ್ಚ್ ತಿಂಗಳಲ್ಲಿ ಇಪ್ಪತ್ತೈದು ಮಂದಿ ಕೆಲಸಗಾರರು ತಮ್ಮ ಸಂಸಾರಗಳೊಡನೆ ಅಲ್ಲಿಗೆ ಬಂದಿಳಿದರು. ಕಳ್ಳಿ ಕಡಿದರು, ಹಾವು ಓಡಿಸಿದರು, ನೆಲ ಹದ ಮಾಡಿದರು. ಆ ಬಿರುಬಿಸಿಲಿನಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿದ ಹೆಂಗಸರ ಹೆಸರುಗಳು ಯಾವ ಯಂತ್ರದ ಮೇಲೆಯೂ ಮೂಡಲಿಲ್ಲ. ಆದರೆ ಅವರಿಲ್ಲದೆ ಆ ಊರು ಏಳುತ್ತಿರಲಿಲ್ಲವೆಂಬುದನ್ನು ನಮ್ಮ ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ.

ಹೀಗೆ ಹುಟ್ಟಿದ ಊರೇ ಕಿರ್ಲೋಸ್ಕರವಾಡಿ. ಮುಂದೆ ರೈಲು ನಿಲ್ದಾಣಕ್ಕೂ ಅದೇ ಹೆಸರು ಬಂದಿತು. ಇಂದು ಅದು ನಮ್ಮ ಸಾಂಗಲಿ ಜಿಲ್ಲೆಯಲ್ಲಿಯೇ ಇದೆ. ಮೀರಜದಿಂದ ಪುಣೆಗೆ ಹೋಗುವ ಗಾಡಿಯಲ್ಲಿ ಕುಳಿತವರಿಗೆ ದಾರಿಯಲ್ಲಿ ಸಿಗುತ್ತದೆ. ಮಕ್ಕಳೇ, ಈ ಹೆಸರಿನ ಪಯಣವನ್ನು ನೋಡಿರಿ. ಕಿರ್ಲೋಸ ಎಂಬ ಊರು ಒಂದು ಮನೆತನಕ್ಕೆ ಹೆಸರು ಕೊಟ್ಟಿತು. ಆ ಮನೆತನ ಕನ್ನಡದ ಹಳ್ಳಿಯಲ್ಲಿ ಅನ್ನ ಉಂಡು ಬೆಳೆಯಿತು. ಆಮೇಲೆ ಆ ಮನೆತನದವನೊಬ್ಬ ಒಂದು ಹೊಸ ಊರಿಗೇ ತನ್ನ ಹೆಸರನ್ನು ಕೊಟ್ಟ. ಊರಿನಿಂದ ಪಡೆದ ಸಾಲವನ್ನು ಊರಾಗಿಯೇ ತೀರಿಸಿದಂತಾಯಿತು.

ಲಕ್ಷ್ಮಣರಾಯರು ಅಲ್ಲಿ ಕಾರ್ಖಾನೆಯ ಜೊತೆಗೆ ಬಾಳುವೆಯ ಒಂದು ರೀತಿಯನ್ನೂ ಕಟ್ಟಿದರು. ಅವರಿಗೆ ಮನುಷ್ಯರನ್ನು ಆರಿಸುವ ಕಣ್ಣಿತ್ತು. ಬಣ್ಣ ತಿಳಿಯದಿದ್ದರೂ ಮನುಷ್ಯರ ಗುಣ ತಿಳಿಯುತ್ತಿತ್ತು. ಅವರ ಹತ್ತಿರ ದೊಡ್ಡ ಪದವಿಯ ಎಂಜಿನಿಯರರ ದಂಡೇನೂ ಇರಲಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟವರೂ ಅಲ್ಲಿ ದೊಡ್ಡ ಜವಾಬ್ದಾರಿ ಹೊತ್ತರು. ಜೈಲುವಾಸ ಅನುಭವಿಸಿ ಬಂದ ಇಬ್ಬರನ್ನು, ಊರವರು ಹತ್ತಿರ ಸೇರಿಸದಿದ್ದಾಗ, ಲಕ್ಷ್ಮಣರಾಯರು ರಾತ್ರಿಯ ಕಾವಲುಗಾರರನ್ನಾಗಿ ನೇಮಿಸಿದರು. ಕಳವಿನ ಆರೋಪ ಹೊತ್ತವರ ಕೈಗೇ ಕಾವಲು ಕೊಟ್ಟರು. ಆ ಕೈಗಳು ನಂಬಿಕೆಯನ್ನು ಉಳಿಸಿಕೊಂಡವು. ಜಾತಿಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಡುವುದು ತಮ್ಮ ವಾಡಿಯಲ್ಲಿ ಕೂಡದೆಂದು ಕಟ್ಟುನಿಟ್ಟು ಮಾಡಿದರು. ಅಸ್ಪೃಶ್ಯತೆಯನ್ನು ಧರ್ಮವೆಂದೇ ಜನ ತಿಳಿದಿದ್ದ ಆ ದಿನಗಳಲ್ಲಿ ಇದು ನೇಗಿಲು ಮಾರುವುದಕ್ಕಿಂತ ಕಠಿಣವಾದ ಕೆಲಸವಾಗಿತ್ತು.

ನೇಗಿಲಿನ ನಂತರ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು ಹೀಗೆ ಒಂದೊಂದಾಗಿ ಹೊರಬಂದವು. ಬಾವಿಯಿಂದ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದ ಕಾಲದಿಂದ ಗುಂಡಿ ಒತ್ತಿದರೆ ನೀರು ಬರುವ ಕಾಲದವರೆಗೆ ನಮ್ಮ ಸೀಮೆಯ ರೈತ ನಡೆದು ಬಂದ ದಾರಿಯಲ್ಲಿ ಈ ಯಂತ್ರಗಳ ಪಾಲು ಸಣ್ಣದಲ್ಲ. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ವಾಡಿಯಿಂದ ಮರಾಠಿಯಲ್ಲಿ ಒಂದು ಮಾಸಿಕವೂ ಹೊರಟಿತು. ಅದರ ಸಂಪಾದಕರು ಅದೇ ಮನೆತನದ ಶಂಕರರಾಯರು. 1930ರಲ್ಲಿ ಹೆಂಗಸರಿಗಾಗಿ ಸ್ತ್ರೀ ಎಂಬ ಮಾಸಿಕವನ್ನೂ ತೆಗೆದರು. ಕಬ್ಬಿಣ ಕಾಯಿಸುವ ಕುಲುಮೆಯ ಪಕ್ಕದಲ್ಲಿಯೇ ಅಕ್ಷರದ ಅಚ್ಚುಕೂಟವೂ ಇದ್ದುದು ಆ ಊರಿನ ವಿಶೇಷ.

ಮಗ ಶಂತನುರಾಯರು ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ 1926ರಲ್ಲಿ ಮರಳಿ ಬಂದು ಕೈಜೋಡಿಸಿದರು. 1941ರಲ್ಲಿ ಹರಿಹರದಲ್ಲಿ ಯಂತ್ರೋಪಕರಣಗಳ ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಹುಟ್ಟಿತು; ಅದು ಬಹುಕಾಲ ನಡೆದು ಮುಂದೆ ಮುಚ್ಚಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ, ಪುಣೆಯಲ್ಲಿ ಎಣ್ಣೆ ಎಂಜಿನ್ನುಗಳ ಕಂಪನಿಗಳು ಹುಟ್ಟಿದವು. ಕನ್ನಡದ ಹಳ್ಳಿಯಿಂದ ಹೊರಟ ಹೆಸರು ಯಂತ್ರವಾಗಿ ಕನ್ನಡದ ನೆಲಕ್ಕೆ ಮರಳಿ ಬಂದಿತು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. 1969ರಲ್ಲಿ, ಅವರು ಹುಟ್ಟಿ ನೂರು ವರ್ಷ ತುಂಬಿದ ದಿನ, ಭಾರತ ಸರಕಾರ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಬಣ್ಣ ತಿಳಿಯದ ಕಾರಣ ಚಿತ್ರಕಾರನಾಗಲಾರದೆ ಹೋದವನ ಚಿತ್ರ ಊರೂರಿನ ಪತ್ರಗಳ ಮೇಲೆ ಹೋಯಿತು.

ಈಗ ನಮ್ಮ ಹುಡುಗನ ವಿಷಯಕ್ಕೆ ಬರೋಣ. ಹೊಳೆದಂಡೆಯಲ್ಲಿ ಇಷ್ಟನ್ನೆಲ್ಲ ಕೇಳಿದ ಮೇಲೆ ಅವನು ಬಹಳ ಹೊತ್ತು ಸುಮ್ಮನಿದ್ದ. ನಾವು ಎಲ್ಲ ಮಕ್ಕಳ ಎದುರಿಗೆ, ಹಾಜರಿಯ ದಿನ ನಕ್ಕದ್ದು ನಮ್ಮ ತಪ್ಪೆಂದು ಅವನಿಗೆ ಹೇಳಿದೆವು. ಗುರುಗಳು ತಪ್ಪೊಪ್ಪಿಕೊಂಡರೆ ಮಕ್ಕಳ ಕಣ್ಣಿನಲ್ಲಿ ಕಿರಿದಾಗುವುದಿಲ್ಲವೆಂದು ಆ ದಿನ ನಮಗೂ ತಿಳಿಯಿತು. ಮರಳಿ ಬರುವಾಗ ಅವನು ನಮ್ಮ ಪಕ್ಕದಲ್ಲಿ ನಡೆಯುತ್ತ, ತಮ್ಮ ಅಡ್ಡಹೆಸರು ಹೇಗೆ ಬಂದಿತೆಂದು ಮನೆಯಲ್ಲಿ ಅಜ್ಜನನ್ನು ಕೇಳುವೆನೆಂದ. ಕೇಳಿದ. ಎರಡು ದಿನ ಬಿಟ್ಟು ಬಂದು, ಮುತ್ತಜ್ಜನ ಅಪ್ಪ ಬರಗಾಲದ ವರ್ಷದಲ್ಲಿ ಬಾವಿಯ ಅಂಗೈಯಗಲ ನೀರಿನಲ್ಲಿ ಉಳ್ಳಾಗಡ್ಡಿ ಬೆಳೆದು, ಅದನ್ನು ತಲೆಯ ಮೇಲೆ ಹೊತ್ತು ಸಂತೆಯಿಂದ ಸಂತೆಗೆ ಮಾರಿ ಏಳು ಜನರ ಸಂಸಾರವನ್ನು ಬದುಕಿಸಿದನಂತೆ ಎಂದು ಹೇಳಿದ. ಹೇಳುವಾಗ ಅವನ ತಲೆ ನೆಟ್ಟಗೆ ಇತ್ತು. ತಂದೆಯವರು ರಜಿಸ್ಟರಿನ ವಿಷಯಕ್ಕೆ ಮತ್ತೆ ಬರಲಿಲ್ಲ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆತನದ ಹೆಸರಿನ ಹಿಂದಿನ ಕಥೆಯನ್ನು ಮಕ್ಕಳಿಗೆ ಹೇಳಿರಿ. ನಿಮಗೆ ತಿಳಿಯದಿದ್ದರೆ ಮನೆಯ ಹಿರಿಯರು ಇರುವಾಗಲೇ ಕೇಳಿ ತಿಳಿದುಕೊಳ್ಳಿರಿ. ಹಗೇವಿನಲ್ಲಿಟ್ಟ ಕಾಳು ಕೂಡ ಪೂರ ಬಂದರೆ ಉಳಿಯುವುದಿಲ್ಲ. ಗಡಿಯಲ್ಲಿ ಇದ್ದೇವೆಂದು, ಕನ್ನಡ ಶಾಲೆಯಲ್ಲಿ ಓದುತ್ತೇವೆಂದು, ಹೆಸರಿನ ಕೊನೆಗೆ ಕರ ಇದೆಯೆಂದು ಅಥವಾ ಇಲ್ಲವೆಂದು ಯಾವ ಮಗುವೂ ತಲೆ ತಗ್ಗಿಸಬೇಕಾಗಿಲ್ಲ. ಎರಡು ಭಾಷೆಗಳ ನಡುವೆ ಬೆಳೆದವನಿಗೆ ಎರಡು ಹೊಳೆಗಳ ನೀರಿರುತ್ತದೆ. ಹರಿಪುರದ ಸಂಗಮದಲ್ಲಿ ನಿಂತು ನೋಡಿದರೆ ಕೃಷ್ಣೆ ಎಲ್ಲಿ ಮುಗಿಯಿತು, ವಾರಣೆ ಎಲ್ಲಿ ಸೇರಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಕೆಳಗಿನ ಹೊಲಗಳಿಗೆ ಎರಡೂ ಕೂಡಿಯೇ ಹರಿಯುತ್ತವೆ.

ವಿದ್ಯಾರ್ಥಿಗಳೇ, ಹೆಸರು ಹಿರಿಯರು ಕೊಟ್ಟ ಹೊಲವಿದ್ದಂತೆ. ಬರಡಾಗಿದ್ದರೂ ಅದು ನಿಮ್ಮದೇ. ಕಳ್ಳಿ ಕಡಿದು, ಆಳವಾಗಿ ಉತ್ತು, ಎರಡು ವರ್ಷ ಫಲ ಬಾರದಿದ್ದರೂ ಎದೆಗುಂದದೆ ದುಡಿಯಿರಿ. ಬೆಳೆ ಬಂದ ದಿನ ಆ ಹೆಸರು ಯಾರನ್ನೂ ನಗಿಸುವುದಿಲ್ಲ.